ನರ್ಸಿಂಗ್ ಓದಿನ ಸಾಲ: ಊರ ಮಾತು, ಬ್ಯಾಂಕಿನ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಸೈನ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಚರ್ಚೆ. ಎಂಬಿಬಿಎಸ್ ಕೈಗೆಟುಕುವುದಿಲ್ಲ. ಹಾಗಾದರೆ ಬಿಎಸ್ಸಿ ನರ್ಸಿಂಗೋ, ಫಿಸಿಯೋಥೆರಪಿಯೋ, ಲ್ಯಾಬ್ ಟೆಕ್ನಾಲಜಿಯೋ? ದುಡ್ಡು ಎಲ್ಲಿಂದ? ಸಲಹೆ ಕೊಡುವವರಿಗೇನೂ ಬರವಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾದು ಕೂತವರೂ ಒಂದು ಮಾತು ಹೇಳುತ್ತಾರೆ, ಮದುವೆಮನೆಯಲ್ಲಿ ಸಿಕ್ಕ ನೆಂಟರೂ ಒಂದು ಹೇಳುತ್ತಾರೆ. ನನ್ನ ತಕರಾರು ಸಾಲದ ಮೇಲಲ್ಲ, ಮೊದಲ ಸಂಬಳ ಎಷ್ಟೆಂದು ವಿಚಾರಿಸದೆ ಮಾಡುವ ಸಾಲದ ಮೇಲೆ.

"ಓದು ಮುಗಿಯೋವರೆಗೂ ಬಡ್ಡಿ ಇಲ್ಲ"

ಎಲ್ಲಕ್ಕಿಂತ ದುಬಾರಿಯಾಗುವ ನಂಬಿಕೆ ಇದು. ಓದುವಷ್ಟು ಕಾಲ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂಬುದು ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಕೋರ್ಸು. ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ಒಟ್ಟು 4 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಆಮೇಲಿನವಕ್ಕೆ 30 ಮತ್ತು 20 ಸಾವಿರ. ಒಟ್ಟು 1.4 ಲಕ್ಷ ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ತಲೆಯ ಮೇಲಿರುವುದು 5.4 ಲಕ್ಷ. ಹತ್ತು ವರ್ಷದ ಅವಧಿ ತೆಗೆದುಕೊಂಡರೆ ತಿಂಗಳಿಗೆ ಸುಮಾರು 7,140 ರೂಪಾಯಿ, ಕಟ್ಟಿ ಮುಗಿಸುವಾಗ ಒಟ್ಟು ಎಂಟೂವರೆ ಲಕ್ಷ ದಾಟಿರುತ್ತದೆ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,800ಕ್ಕೆ ಇಳಿದಂತೆ ಕಾಣುತ್ತದೆ, ಒಟ್ಟು ಮೊತ್ತ ಮಾತ್ರ ಹತ್ತು ಲಕ್ಷ ಮೀರುತ್ತದೆ.

ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷಕ್ಕೂ ಓದು ಮುಗಿದ ಮೇಲಿನ ವರ್ಷಕ್ಕೂ 3,333. ಆಗ ಕಂತು ಶುರುವಾಗುವುದು 4 ಲಕ್ಷದ ಮೇಲೆ, ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 5,290. ಹಾಲಿನ ಡೇರಿಯ ದುಡ್ಡಿನಲ್ಲಿ ಮೊದಲೆರಡು ವರ್ಷದ ಬಡ್ಡಿಯನ್ನಾದರೂ ತೀರಿಸಬಲ್ಲ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಆದರೆ ಹಾಗೆ ಕಟ್ಟಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

"ನಮ್ಮ ಭಾವನ ಮಗಳಿಗೆ ಬಡ್ಡಿ ಬೀಳಲೇ ಇಲ್ಲ" ಎನ್ನುವವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಪೋಷಕರ ವಾರ್ಷಿಕ ವರಮಾನ 4.5 ಲಕ್ಷದೊಳಗಿದ್ದು, ವೃತ್ತಿಪರ ಕೋರ್ಸಿನ ಕಾಲೇಜಿಗೆ ನ್ಯಾಕ್‌ನಂಥ ಮಾನ್ಯತೆ ಇದ್ದರೆ, ಓದಿನ ಕಾಲದ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗೆ ವರಮಾನವಿದ್ದವರಿಗೂ ಶೇ. 3ರ ರಿಯಾಯಿತಿ ಉಂಟು, ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗಷ್ಟೆ. ಹೀಗಾಗಿ ಕಾಲೇಜಿನ ಬಣ್ಣದ ಬ್ರೋಷರ್ ನೋಡುವ ಮುಂಚೆ ನ್ಯಾಕ್ ಇದೆಯೇ ಎಂದು ಕೇಳಿ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ.

"ಬ್ಯಾಂಕಿಗೆ ಜಮೀನು ಅಡ ಇಡಬೇಕು, ಅದಕ್ಕಿಂತ ಕೈಸಾಲ ವಾಸಿ"

7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ. 2015ರಿಂದ ಇದಕ್ಕೆಂದೇ ಕೇಂದ್ರದ ಖಾತರಿ ನಿಧಿಯಿದೆ. ತಂದೆಯೋ ತಾಯಿಯೋ ಜೊತೆಯಲ್ಲಿ ಸಹಿ ಹಾಕಬೇಕು, ಅವರ ಹಳೆಯ ಸಾಲದ ಚರಿತ್ರೆಯನ್ನು ಬ್ಯಾಂಕ್ ನೋಡುತ್ತದೆ, ಅಷ್ಟೆ. ಇನ್ನು ಕೈಸಾಲ. "ಮೂರು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಬ್ಯಾಂಕಿನವರು ಹೇಳುವ ಶೇ. 10 ಎಂಬುದು ಇಡೀ ವರ್ಷದ ಲೆಕ್ಕ. ಸೀಟಿಗಾಗಿ ಎಕ್ಸ್‌ಪ್ರೆಸ್‌ವೇ ಕಡೆಯ ಎರಡು ಗುಂಟೆ ಮಾರುವ ಮುನ್ನ ಒಮ್ಮೆ ಬ್ಯಾಂಕಿನ ಮೆಟ್ಟಿಲು ಹತ್ತಿ.

"ನರ್ಸ್ ಅಂದ್ರೆ ಸೇರಿದ ದಿನದಿಂದಲೇ ನಲವತ್ತು ಸಾವಿರ"

ಈ ಸಂಬಳ ಇರುವುದು ಸರ್ಕಾರಿ ಆದೇಶದಲ್ಲಿ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ನರ್ಸಿಂಗ್ ಆಫೀಸರ್‌ಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲವೇತನವೇ 44,900. ಭತ್ಯೆ ಬೇರೆ. ಆದರೆ ಹೊಸದಾಗಿ ಪಾಸಾದವರಲ್ಲಿ ಹೆಚ್ಚಿನವರು ಮೊದಲು ಕಾಲಿಡುವುದು ಖಾಸಗಿ ಆಸ್ಪತ್ರೆಗೆ.

ನರ್ಸುಗಳ ಸಂಘದ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಸಮಿತಿ ರಚನೆಗೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸಿನಷ್ಟೇ ಸಂಬಳ, 100 ದಾಟಿದ್ದರೆ ಕೊರತೆ ಶೇ. 10 ಮೀರಬಾರದು, 50ರಿಂದ 100ರವರೆಗೆ ಶೇ. 25, ಅದಕ್ಕಿಂತ ಚಿಕ್ಕದಾದರೂ 20 ಸಾವಿರಕ್ಕೆ ಕಡಿಮೆಯಾಗಬಾರದು ಎಂದು ಸಮಿತಿ ಹೇಳಿತು. ಆದರೆ ಇವು ಶಿಫಾರಸುಗಳು. ಚಿಕ್ಕ ನರ್ಸಿಂಗ್ ಹೋಮಿಗೆ ಹೇಳಿದ ಆ 20 ಸಾವಿರದ ಆಸುಪಾಸೇ ಇವತ್ತಿಗೂ ದೊಡ್ಡ ಆಸ್ಪತ್ರೆಗಳಲ್ಲಿ ಹೊಸಬರ ಕೈಗೆ ಬರುವುದುಂಟು.

ಇಪ್ಪತ್ತು ಸಾವಿರದಲ್ಲಿ ಕಂತು ಏಳು ಸಾವಿರ, ಬೆಂಗಳೂರಿನ ಪಿಜಿಗೆ ಏಳೆಂಟು ಸಾವಿರ. ಉಳಿದದ್ದು ಐದು. ಇಲ್ಲಿ ಊರು ಯಾವುದೆಂಬುದೂ ಲೆಕ್ಕಕ್ಕೆ ಬರುತ್ತದೆ. ರಾಮನಗರ, ಚನ್ನಪಟ್ಟಣ ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ, ಪಾಸು ಮಾಡಿಸಿಕೊಂಡರೆ ಮನೆಯಿಂದಲೇ ಓಡಾಡಬಹುದು. ಕನಕಪುರ, ಮಾಗಡಿಗೆ ಬಸ್ಸೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹುಡುಗರಿಗೆ ಟಿಕೆಟ್ ಉಂಟು. ಆದರೆ ಸಂಜೆ ಪಾಳಿ ಮುಗಿಸಿ ರಾತ್ರಿ ಹೊರಡುವವರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಕೆಲಸ ಒಪ್ಪುವ ಮುಂಚೆಯೇ ತಿಳಿದುಕೊಳ್ಳಬೇಕು. ಕೆಲಸ ಸಿಗದಿದ್ದರೆ ಯುವನಿಧಿ ಭತ್ಯೆ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ತಿಂಗಳಿಗೆ 3,000, ಕಂತಿನ ಅರ್ಧಕ್ಕೂ ಸಾಲದು.

"ಜಿಎನ್‌ಎಂ ಆದರೇನು, ಬಿಎಸ್ಸಿ ಆದರೇನು?"

ಜಿಎನ್‌ಎಂ ಎಂದರೆ ನರ್ಸಿಂಗ್ ಡಿಪ್ಲೊಮಾ. ಖಾಸಗಿ ವಾರ್ಡಿನ ಮೊದಲ ಸಂಬಳವನ್ನಷ್ಟೇ ನೋಡಿದರೆ ಈ ಮಾತು ಬಹುಪಾಲು ನಿಜ. ಪದವಿಯ ಬೆಲೆ ಗೊತ್ತಾಗುವುದು ಸರ್ಕಾರಿ ಪರೀಕ್ಷೆಯಲ್ಲಿ. ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್ಸಿ ನರ್ಸಿಂಗ್ ಆದವರು ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಿಕೊಂಡು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಪರೀಕ್ಷೆ ಬರೆಯುವ ಮನಸ್ಸೇ ಇಲ್ಲದವರು ಮೂರು ವರ್ಷದ ಜಿಎನ್‌ಎಂ ಮುಗಿಸಿ, ದುಡಿಯುತ್ತಾ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಸಾಲ ಹಗುರವಾಗಿರುತ್ತದೆ.

"ರಾಜೀವ್ ಗಾಂಧಿ ವಿವಿ ರಾಮನಗರಕ್ಕೇ ಬರ್ತಿದೆ, ಫೀಸ್ ಇಳಿಯುತ್ತೆ"

ಇಳಿಯುವುದಿಲ್ಲ. 1996ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಮುಖ್ಯ ಕೆಲಸ ರಾಜ್ಯದ ಕಾಲೇಜುಗಳಿಗೆ ಸಂಯೋಜನೆ ಕೊಡುವುದು, ಪರೀಕ್ಷೆ ನಡೆಸುವುದು. ರಾಮನಗರದ ಅರ್ಚಕರಹಳ್ಳಿಯಲ್ಲಿ ಎಷ್ಟು ದೊಡ್ಡ ಕ್ಯಾಂಪಸ್ ಎದ್ದರೂ ಖಾಸಗಿ ಕಾಲೇಜಿನ ಶುಲ್ಕ ಅದರಿಂದ ಬದಲಾಗದು. ಶುಲ್ಕ ತಗ್ಗಬೇಕೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸರ್ಕಾರಿ ಸೀಟು ಪಡೆಯಬೇಕು.

"ಎರಡು ವರ್ಷ ಫಾರಿನ್‌ಗೆ ಹೋದ್ರೆ ಸಾಲ ಚುಕ್ತಾ"

ಹೋಗಿ ತೀರಿಸಿದವರು ಖಂಡಿತ ಇದ್ದಾರೆ. ಆದರೆ ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತ ದಾಟಬೇಕು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ವೃತ್ತಿಯ ಎರಡು ಪರೀಕ್ಷೆ. ಈ ತಯಾರಿಯ ತಿಂಗಳುಗಳಲ್ಲೂ ಕಂತು ನಿಲ್ಲುವುದಿಲ್ಲ. ಸೌದಿ, ಕುವೈತ್ ಸೇರಿ ವಲಸೆ ತಪಾಸಣೆ ಬೇಕಾದ 18 ದೇಶಗಳಿಗೆ ನರ್ಸುಗಳನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕು ಎಂಬ ನಿಯಮ 2015ರಲ್ಲಿ ಬಂದಿದೆ. ಬೇರೆ ದೇಶಗಳಿಗಾದರೂ ಪರವಾನಗಿ ಇರುವ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಮೂರು ಲಕ್ಷ, ಐದು ಲಕ್ಷ ಎನ್ನುವವನು ಮನೆಗೆ ಬಂದರೆ ಪರವಾನಗಿ ಸಂಖ್ಯೆ ಬರೆಸಿಕೊಂಡು, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ.