ಆರೋಪಿಯ ಕಡೆಯಿಂದ: 498ಎ ಕೇಸು

ಕಾನೂನಿನ ಪುಸ್ತಕದಲ್ಲಿ ಕಲಮಿನ ಸಂಖ್ಯೆ ಬದಲಾದರೂ ಕೋರ್ಟಿನ ಅಂಗಳದಲ್ಲಿ ಅದಕ್ಕೆ ಇಂದಿಗೂ '498ಎ ಕೇಸು' ಎಂದೇ ಹೆಸರು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ ಆ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಗಂಡ ಅಥವಾ ಅವನ ನೆಂಟರು ಹೆಂಡತಿಗೆ ಕ್ರೌರ್ಯ ಎಸಗಿದರೆ 3 ವರ್ಷದವರೆಗೆ ಸಜೆ, ಮೇಲೆ ದಂಡ. ಜಾಮೀನುರಹಿತ ಅಪರಾಧ. ಹೊಡೆದ ಆರೋಪವಿದ್ದರೆ ಅದೇ ಸಂಹಿತೆಯ 115(2), ವರದಕ್ಷಿಣೆ ಕೇಳಿದ ಆರೋಪವಿದ್ದರೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4 ಜೊತೆಗೂಡುತ್ತವೆ.

ಎಫ್‌ಐಆರ್ ಆದ ರಾತ್ರಿಯೇ ಪೊಲೀಸರು ಎಳೆದೊಯ್ಯುತ್ತಾರೆ ಎಂಬ ಭಯ ಈಗ ಪೂರ್ತಿ ನಿಜವಲ್ಲ. ಯಾಂತ್ರಿಕವಾಗಿ ಬಂಧಿಸಕೂಡದು, ಬಂಧಿಸುವುದಾದರೆ ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಹೀಗಾಗಿ ಮೊದಲು ಬರುವುದು ಸಾಮಾನ್ಯವಾಗಿ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು. ಅದಕ್ಕೆ ಹಾಜರಾಗದೆ ಊರು ಬಿಟ್ಟವನು ಪೊಲೀಸರಿಗೆ ಬೇಕಿದ್ದ ಕಾರಣವನ್ನು ತಾನೇ ಒದಗಿಸುತ್ತಾನೆ. ಬಂಧನದ ಭೀತಿ ಇದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಜಾಮೀನು ಸಿಕ್ಕ ಮೇಲೆ, 'ಹೋಗಿ ನಾಲ್ಕು ಮಾತಾಡಿ ಸರಿಮಾಡಿಕೊಂಡು ಬರ್ತೀನಿ' ಎಂದು ಹೆಂಡತಿಯ ತವರಿನ ಬಾಗಿಲು ಬಡಿಯುವುದೊಂದಿದೆ. ಸಾಕ್ಷಿಗೆ ಬೆದರಿಕೆ ಎಂದು ಅರ್ಜಿ ಬಿದ್ದು ಜಾಮೀನು ರದ್ದಾಗಲು ಅಷ್ಟು ಸಾಕು.

ದೂರಿನಲ್ಲಿ ಎ1 ಗಂಡ, ಎ2 ಅತ್ತೆ, ಎ3 ಮಾವ. ಆಮೇಲೆ ಬೇರೆ ಊರಿನಲ್ಲಿ ಸಂಸಾರ ಹೂಡಿರುವ ನಾದಿನಿ. ಯಾರು, ಯಾವಾಗ, ಏನು ಮಾಡಿದರೆಂದು ಹೇಳದೆ 'ಎಲ್ಲರೂ ಸೇರಿ ಹಿಂಸಿಸಿದರು' ಎಂಬ ಸಗಟು ಮಾತಿನ ಮೇಲೆ ನೆಂಟರನ್ನು ವಿಚಾರಣೆಗೆ ಎಳೆಯಬಾರದೆಂದು 2022ರ ಕಹಕಶಾನ್ ಕೌಸರ್ ಪ್ರಕರಣದಲ್ಲೂ 2024ರ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಅಂಥವರು ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಿ ಕೇಸು ರದ್ದು ಕೋರಬಹುದು.

ಗಂಡನಿಗೆ ಬಹುಪಾಲು ವಿಚಾರಣೆಯೇ ಗತಿ. ಅಲ್ಲಿ ಅವನ ಒಳ್ಳೆಯತನಕ್ಕೆ ಊರವರು ಕೊಡುವ ಸರ್ಟಿಫಿಕೇಟಿಗೆ ಬೆಲೆ ಕಡಿಮೆ. ತೂಗುವುದು ಠಾಣೆಯಲ್ಲಿ ಕೊಟ್ಟ ಮೊದಲ ದೂರು. ಅದರಲ್ಲಿ 'ಬೈದು ಹೊರಗೆ ಹಾಕಿದರು' ಎಂದಷ್ಟೇ ಇದ್ದು, ಸಾಕ್ಷಿಕಟ್ಟೆಯಲ್ಲಿ 'ಲಟ್ಟಣಿಗೆಯಿಂದ ಹೊಡೆದರು' ಎಂಬ ಮಾತು ಬಂತೆನ್ನಿ. ಪಾಟೀಸವಾಲಿನಲ್ಲಿ ವಕೀಲರು ಕೇಳುತ್ತಾರೆ: 'ಇದನ್ನ ದೂರಿನಲ್ಲಿ ಬರೆಸಿದ್ರೇನಮ್ಮಾ?' 'ಬರೆಸಿದ್ದೆ ಸರ್.' ಹೊಸಬ ವಕೀಲ ಇಲ್ಲಿಗೇ ಗೆದ್ದೆನೆಂದು ಕೂತುಬಿಡುತ್ತಾನೆ. ಅನುಭವಿ ಆ ದೂರನ್ನೇ ಅವಳ ಕೈಗಿತ್ತು, ಲಟ್ಟಣಿಗೆಯ ಮಾತು ಎಲ್ಲಿದೆ ತೋರಿಸಿ ಎನ್ನುತ್ತಾನೆ. ವ್ಯತ್ಯಾಸ ಇರುವುದು ಪೊಲೀಸರು ಆಮೇಲೆ ಬರೆದುಕೊಂಡ ಹೇಳಿಕೆಯಲ್ಲಾದರೆ ತನಿಖಾಧಿಕಾರಿ ಕಟ್ಟೆ ಹತ್ತುವ ದಿನದವರೆಗೆ ಕಾದು, 'ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿಲ್ಲ, ಸರಿಯೇ?' ಎಂದು ಕೇಳಿ ಉತ್ತರ ದಾಖಲಿಸಿಕೊಳ್ಳುತ್ತಾನೆ. ಹಾಗೆ ಸಾಬೀತಾಗದ ವ್ಯತ್ಯಾಸ ವಾದಕ್ಕೆ ಬರುವುದಿಲ್ಲ.

ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟ್ ಪ್ರಿಂಟು ತೆಗೆದು ಕೊಟ್ಟರೆ ಸಾಲದು. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಮಾರದೆ ಇಟ್ಟುಕೊಂಡಿರುವುದು ಒಳ್ಳೆಯದು.

ಕೆಲವು ವಾದಗಳು ಕೇಳಲು ಜೋರು, ಒಳಗೆ ಟೊಳ್ಳು. ದೂರು ತಡವಾಯಿತು ಎಂಬುದು ಅಂಥದ್ದು. ಸಂಸಾರ ಉಳಿಯಲೆಂದು ವರ್ಷಗಟ್ಟಲೆ ಸಹಿಸುವ ಹೆಣ್ಣುಮಕ್ಕಳು ನ್ಯಾಯಾಧೀಶರಿಗೆ ಹೊಸಬರಲ್ಲ. ಗಾಯದ ಪ್ರಮಾಣಪತ್ರದಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದದ್ದು' ಎಂದಿದ್ದರೆ ಆರೋಪಿಗೆ ಅನುಕೂಲವೆಂದು ತೋರುತ್ತದೆ. ಅದನ್ನು ಬರೆಸುವಾಗ ಅವಳ ಪಕ್ಕದಲ್ಲಿ ನಿಂತಿದ್ದವನು ಗಂಡನೇ ಆಗಿದ್ದರೆ ಅದೇ ಕಾಗದ ತಿರುಗಿ ಹೊಡೆಯುತ್ತದೆ. ಮನೆಯೊಳಗಿನ ಹೊಡೆತಕ್ಕೆ ಹೊರಗಿನ ಸಾಕ್ಷಿ ಇರಲೇಬೇಕೆಂದಿಲ್ಲ. ನಂಬುವಂತಿದ್ದರೆ ಅವಳೊಬ್ಬಳ ಮಾತೇ ಶಿಕ್ಷೆಗೆ ಸಾಕು. ಅವಳ ನಡತೆಗೆ ಮಸಿ ಬಳಿಯುವ ಪ್ರಶ್ನೆಗಳಿಂದ ಕಿರುಕುಳ ನಡೆದಿಲ್ಲವೆಂದು ಸಾಬೀತಾಗುವುದಿಲ್ಲ. ಅವುಗಳಿಂದ ನ್ಯಾಯಾಧೀಶರ ಮುಖ ಗಂಟಿಕ್ಕುವುದಷ್ಟೇ ಲಾಭ.

ಇಬ್ಬರೂ ಒಪ್ಪಿದರೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇದನ್ನು ರಾಜಿ ಮಾಡಿಕೊಳ್ಳಲು ಬರುವುದಿಲ್ಲ. 2003ರ ಬಿ.ಎಸ್. ಜೋಶಿ ತೀರ್ಪಿನ ಆಧಾರದಲ್ಲಿ ಜಂಟಿ ಮೆಮೊ ಹಿಡಿದು ಹೈಕೋರ್ಟಿಗೇ ಹೋಗಬೇಕು. ಇನ್ನು ಖುಲಾಸೆಯಾದವನ ಹೆಂಡತಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಹಾಕಿದ ಜೀವನಾಂಶದ ಅರ್ಜಿ ಖುಲಾಸೆಯ ತೀರ್ಪಿನಿಂದ ತಾನಾಗಿ ಬಿದ್ದುಹೋಗುವುದಿಲ್ಲ. ಅದರ ವಾಯಿದೆಗಳಿಗೆ ಅವನು ಹಾಜರಾಗುತ್ತಲೇ ಇರಬೇಕು.