ಜೇಬಿನಲ್ಲಿ ಬರುವ ತಂತ್ರಾಂಶ

ವಿಶ್ವವಿದ್ಯಾಲಯದ ಲೈಬ್ರರಿ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡಲು ಹೊರಟರೆ ಸಾಮಾನ್ಯವಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುವ ಚೌಕ ಬಂದು ಅಡ್ಡ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿರಲೂಬಾರದು. ಆದರೆ ಅದೇ ತಂತ್ರಾಂಶದ ‘ಪೋರ್ಟಬಲ್’ ರೂಪವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಎಷ್ಟೋ ಕಡೆ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತದೆ. ಕಂಪ್ಯೂಟರ್ ಅದೇ, ತಂತ್ರಾಂಶವೂ ಅದೇ. ವ್ಯತ್ಯಾಸವಿರುವುದು ತಂತ್ರಾಂಶ ತನ್ನ ನೆನಪನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬುದರಲ್ಲಿ.

ಚದುರಿದ ನೆನಪು

ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗುವ ತಂತ್ರಾಂಶ ಒಂದೇ ಕಡೆ ಕೂರುವುದಿಲ್ಲ. ಮುಖ್ಯ ಫೈಲುಗಳು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿಗೆ ಹೋಗುತ್ತವೆ. ನಾವು ಮಾಡಿಕೊಂಡ ಆಯ್ಕೆಗಳು ‘ಆಪ್‌ಡೇಟಾ’ ಎಂಬ ಮರೆಯಲ್ಲಿರುವ ಫೋಲ್ಡರ್ ಸೇರುತ್ತವೆ. ಯಾವ ಬಗೆಯ ಫೈಲನ್ನು ಯಾರು ತೆರೆಯಬೇಕು, ಯಾವುದು ಎಲ್ಲಿದೆ ಎಂಬ ವಿವರಗಳು ರಿಜಿಸ್ಟ್ರಿ ಎಂಬ ಕೇಂದ್ರ ದಾಖಲೆಗೆ ಏರುತ್ತವೆ. 1992ರ ವಿಂಡೋಸ್ 3.1ರಲ್ಲಿ ಚಿಕ್ಕದಾಗಿ ಕಾಣಿಸಿಕೊಂಡ ಈ ರಿಜಿಸ್ಟ್ರಿ, ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯ ಆಧಾರವಾಯಿತು.

‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿನಲ್ಲಾಗಲಿ, ರಿಜಿಸ್ಟ್ರಿಯಲ್ಲಿ ಎಲ್ಲ ಬಳಕೆದಾರರಿಗೂ ಅನ್ವಯಿಸುವ ಭಾಗದಲ್ಲಾಗಲಿ ಬರೆಯುವ ಹಕ್ಕು ಇರುವುದು ಅಡ್ಮಿನ್‌ಗೆ. ಪಾಸ್‌ವರ್ಡ್ ಕೇಳುವುದು ಹೀಗೆ ಬರೆಯುವುದಕ್ಕೆ. ಬರೀ ಚಲಾಯಿಸುವುದಾದರೆ, ಬೇರೆ ನಿರ್ಬಂಧ ಇಲ್ಲದಿದ್ದಲ್ಲಿ, ಸಾಮಾನ್ಯ ಬಳಕೆದಾರರಿಗೂ ವಿಂಡೋಸ್ ಅನುಮತಿ ಕೊಡುತ್ತದೆ. ರ‍್ಯಾಮ್‌ಗೆ ಏರಿದ ಸೂಚನೆಗಳು ಹಾರ್ಡ್ ಡಿಸ್ಕಿನಿಂದ ಬಂದವೋ ಪೆನ್‌ಡ್ರೈವಿನಿಂದ ಬಂದವೋ ಎಂದು ಪ್ರೊಸೆಸರ್ ವಿಚಾರಿಸುವುದಿಲ್ಲ.

ಹಾಗೆ ನೋಡಿದರೆ ಪೋರ್ಟಬಲ್ ಎಂಬುದು ಹಳೆಯ ಪದ್ಧತಿಯೇ. 1981ರ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ವರ್ಡ್‌ಸ್ಟಾರ್‌ನಂಥ ತಂತ್ರಾಂಶಗಳನ್ನು ಫ್ಲಾಪಿಯಿಂದಲೇ ಚಲಾಯಿಸುತ್ತಿದ್ದರು. ಫ್ಲಾಪಿ ಹೋದಲ್ಲಿಗೆ ತಂತ್ರಾಂಶವೂ ಹೋಗುತ್ತಿತ್ತು.

ಮತ್ತೆ ಒಂದೇ ಫೋಲ್ಡರಿಗೆ

ಚದುರಿಹೋದ ತಂತ್ರಾಂಶವನ್ನು ಮತ್ತೆ ಒಂದೇ ಫೋಲ್ಡರಿಗೆ ತರುವ ಪ್ರಯತ್ನಗಳಲ್ಲಿ ಹೆಚ್ಚು ಹೆಸರಾದದ್ದು ಜಾನ್ ಟಿ. ಹಾಲರ್ ಅವರದು. 2004ರಲ್ಲಿ ಅವರು ಫೈರ್‌ಫಾಕ್ಸ್ ಬ್ರೌಸರಿನ ಪೋರ್ಟಬಲ್ ರೂಪ ಹೊರತಂದರು. ಅದು ಬೆಳೆದು ‘ಪೋರ್ಟಬಲ್‌ಆಪ್ಸ್’ ಆಯಿತು. ಇಂದು ಲಿಬ್ರೆಆಫೀಸ್, ವಿಎಲ್‌ಸಿ, ಜಿಂಪ್, ನೋಟ್‌ಪ್ಯಾಡ್++, 7-ಜಿಪ್ ಎಲ್ಲವೂ ಈ ರೂಪದಲ್ಲಿ ಸಿಗುತ್ತವೆ.

ಹೀಗೆ ಒಂದೇ ಫೋಲ್ಡರಿಗೆ ತರಲು ಮೂರು ಉಪಾಯಗಳಿವೆ. ಮೊದಲನೆಯದು, ಬೇಕಾದ ಡಿಎಲ್‌ಎಲ್ ಫೈಲುಗಳನ್ನು, ಅಂದರೆ ತಂತ್ರಾಂಶ ನೆರವಿಗೆ ಕರೆಯುವ ಸಿದ್ಧ ಸೂಚನೆಗಳ ಫೈಲುಗಳನ್ನು, ಅದರ ಪಕ್ಕದಲ್ಲೇ ಇಡುವುದು. ವಿಂಡೋಸ್ ಸಾಮಾನ್ಯವಾಗಿ ಅವನ್ನು ಮೊದಲು ಹುಡುಕುವುದು ತಂತ್ರಾಂಶದ ಸ್ವಂತ ಫೋಲ್ಡರಿನಲ್ಲಿ. ಎರಡನೆಯದು, ವಿಳಾಸಗಳನ್ನು ಸಾಪೇಕ್ಷವಾಗಿ ಬರೆಯುವುದು. ಪೆನ್‌ಡ್ರೈವ್ ಒಂದು ಕಂಪ್ಯೂಟರಿನಲ್ಲಿ ಇ ಡ್ರೈವ್ ಆದರೆ ಇನ್ನೊಂದರಲ್ಲಿ ಜಿ ಆಗಬಹುದು. ಹಾಗಾಗಿ ‘ಇ ಡ್ರೈವಿನ ಇಂಥ ಫೋಲ್ಡರ್’ ಎನ್ನುವ ಬದಲು ‘ನನ್ನ ಪಕ್ಕದ ಫೋಲ್ಡರ್’ ಎಂದು ಬರೆದಿರಬೇಕು. ಮೂರನೆಯದು ಲಾಂಚರ್ ಎಂಬ ಪುಟ್ಟ ಮಧ್ಯವರ್ತಿ. ರಿಜಿಸ್ಟ್ರಿ ಬೇಕೇ ಬೇಕು ಎಂದು ಹಟ ಹಿಡಿಯುವ ತಂತ್ರಾಂಶಕ್ಕೆ ಅದು ಪೆನ್‌ಡ್ರೈವಿನಲ್ಲಿ ಉಳಿಸಿಟ್ಟ ವಿವರಗಳನ್ನು ರಿಜಿಸ್ಟ್ರಿಯಲ್ಲಿ ತಾತ್ಕಾಲಿಕವಾಗಿ ಬರೆದುಕೊಡುತ್ತದೆ. ತಂತ್ರಾಂಶ ಮುಚ್ಚಿದ ಮೇಲೆ ಹೊಸ ವಿವರಗಳನ್ನು ಪೆನ್‌ಡ್ರೈವಿಗೆ ತಂದುಕೊಂಡು, ಬರೆದದ್ದನ್ನು ಅಳಿಸಿಹಾಕುತ್ತದೆ. ಬಯಲಾಟದ ಮೇಳ ಸಂಜೆ ಬಂದು ಗದ್ದೆಯಲ್ಲಿ ರಂಗಸ್ಥಳ ಕಟ್ಟಿ, ಬೆಳಗಾಗುತ್ತಲೇ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೊರಡುವ ರೀತಿ ಇದು.

ಕೆಲಸ ಮುಗಿಸುವ ಮೊದಲೇ ಪೆನ್‌ಡ್ರೈವ್ ಕಿತ್ತರೆ ಈ ಕೊನೆಯ ಹಂತವೇ ನಡೆಯುವುದಿಲ್ಲ. ನಮ್ಮ ವಿವರಗಳು ಆ ಕಂಪ್ಯೂಟರಿನಲ್ಲೇ ಉಳಿಯುತ್ತವೆ, ನಮ್ಮ ಡ್ರೈವಿನಲ್ಲಿ ಹಳೆಯವು ಮಾತ್ರ ಇರುತ್ತವೆ. ಆದ್ದರಿಂದ ಮೊದಲು ತಂತ್ರಾಂಶ ಮುಚ್ಚಬೇಕು, ಆಮೇಲೆ ‘ಇಜೆಕ್ಟ್’ ಮಾಡಬೇಕು.

ನಿಧಾನ ಏಕೆ, ಗುರುತು ಎಷ್ಟು?

ಪೆನ್‌ಡ್ರೈವಿನಿಂದ ತೆರೆದ ಬ್ರೌಸರ್ ಸಾಮಾನ್ಯವಾಗಿ ತೆವಳುತ್ತದೆ. ಒಳಗಿರುವ ಫ್ಲ್ಯಾಶ್ ಮೆಮೊರಿಯ ಸ್ವಭಾವವೇ ಇದಕ್ಕೆ ಮುಖ್ಯ ಕಾರಣ. ಅದನ್ನು ಕೆಲವು ಕಿಲೋಬೈಟ್‌ಗಳ ಪುಟಗಳಾಗಿ ಬರೆಯಬಹುದು, ಆದರೆ ಅಳಿಸುವುದಾದರೆ ನೂರಾರು ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು. ದೊಡ್ಡ ವಿಡಿಯೊ ಓದುವುದು ಸುಲಭ. ಚೂರುಪಾರು ತಿದ್ದುಪಡಿಗಳನ್ನು ಮತ್ತೆ ಮತ್ತೆ ಬರೆಯುವುದು ಕಷ್ಟ. ಬ್ರೌಸರ್ ಮಾಡುವುದು ಈ ಎರಡನೆಯದನ್ನೇ: ಇತಿಹಾಸ, ಕುಕಿ, ಕ್ಯಾಶ್ ಎಂದು ಸದಾ ಬರೆಯುತ್ತಿರುತ್ತದೆ. ಕಂಪ್ಯೂಟರಿನ ಪೋರ್ಟ್ ಮತ್ತು ಪೆನ್‌ಡ್ರೈವ್ ಎರಡೂ ಯುಎಸ್‌ಬಿ 3.0 ಆಗಿದ್ದರೆ ಸೆಕೆಂಡಿಗೆ 480 ಮೆಗಾಬಿಟ್ ಬದಲು 5 ಗಿಗಾಬಿಟ್‌ನ ದಾರಿ ಸಿಗುತ್ತದೆ. ಆದರೆ ದಾರಿ ಅಗಲವಾದ ಮಾತ್ರಕ್ಕೆ ಅಗ್ಗದ ಪೆನ್‌ಡ್ರೈವ್ ಚುರುಕಾಗುವುದಿಲ್ಲ.

ಪೋರ್ಟಬಲ್ ಎಂದರೆ ಗುರುತೇ ಉಳಿಯದು ಎಂಬ ನಂಬಿಕೆಯೂ ತಪ್ಪು. ಯಾವ ಪೆನ್‌ಡ್ರೈವ್ ಚುಚ್ಚಿದರು ಎಂಬುದನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಯಾವ ತಂತ್ರಾಂಶ ಚಲಾಯಿಸಿದರು ಎಂಬುದು ‘ಪ್ರಿಫೆಚ್’ ಫೋಲ್ಡರಿನಲ್ಲಿ ಸಿಗಬಹುದು. ಜೊತೆಗೆ, ಬ್ರೌಸರ್ ನಮ್ಮದಾದರೂ ಕೀಲಿಮಣೆ ಲೈಬ್ರರಿಯದು. ಆ ಕಂಪ್ಯೂಟರಿನಲ್ಲಿ ಕೀಲಿಗಳನ್ನು ಕದ್ದು ಓದುವ ಕುತಂತ್ರಾಂಶ ಇದ್ದರೆ ಪೋರ್ಟಬಲ್ ಬ್ರೌಸರ್ ನಮ್ಮ ಪಾಸ್‌ವರ್ಡನ್ನು ಕಾಪಾಡಲಾರದು.

ಲೈಬ್ರರಿಯವರ ಭಯ

ಅನುಮತಿ ಕೇಳದೆ ಓಡುವ ಗುಣ ಒಳ್ಳೆಯ ತಂತ್ರಾಂಶಕ್ಕೆ ಇರುವಂತೆ ಕೆಟ್ಟದ್ದಕ್ಕೂ ಇರುತ್ತದೆ. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕುತಂತ್ರಾಂಶ ಹರಡಲು ಬಳಸಿದ ದಾರಿಗಳಲ್ಲಿ, ಪೆನ್‌ಡ್ರೈವ್ ಚುಚ್ಚಿದಾಗ ಅದರಲ್ಲಿರುವುದನ್ನು ತಾನಾಗಿ ಚಲಾಯಿಸುವ ‘ಆಟೋರನ್’ ಸೌಲಭ್ಯವೂ ಒಂದು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವಿಗೆ ಈ ಸೌಲಭ್ಯವನ್ನು ನಿಲ್ಲಿಸಿತು. ಆದರೆ ಮನುಷ್ಯರ ಕುತೂಹಲಕ್ಕೆ ಅಂಥ ಅಪ್‌ಡೇಟ್ ಇಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕನಿಷ್ಠ ಶೇ. 45ರಷ್ಟು ಡ್ರೈವ್‌ಗಳನ್ನು ಸಿಕ್ಕವರು ಕಂಪ್ಯೂಟರಿಗೆ ಹಾಕಿ ಒಳಗಿನ ಫೈಲು ತೆರೆದಿದ್ದರು. ಮೊದಲನೆಯದನ್ನು ಕಂಪ್ಯೂಟರಿಗೆ ಹಾಕಲು ಆರು ನಿಮಿಷವೂ ಹಿಡಿಯಲಿಲ್ಲ.

ಇದಕ್ಕೆ ಲೈಬ್ರರಿಗಳು ಎರಡು ಬಗೆಯ ಕಾವಲು ಇಡುತ್ತವೆ. ‘ಡೀಪ್ ಫ್ರೀಜ್’ನಂಥ ತಂತ್ರಾಂಶ ಪ್ರತಿ ರೀಸ್ಟಾರ್ಟ್‌ಗೂ ಕಂಪ್ಯೂಟರನ್ನು ಮೊದಲಿನ ಸ್ಥಿತಿಗೆ ತರುತ್ತದೆ. ವಿಂಡೋಸ್ 7ರೊಂದಿಗೆ ಬಂದ ‘ಆಪ್‌ಲಾಕರ್’ ಇನ್ನೂ ಬಿಗಿ. ಅದರ ಮೂಲ ನಿಯಮಗಳ ಪ್ರಕಾರ ಸಾಮಾನ್ಯ ಬಳಕೆದಾರರು ‘ಪ್ರೋಗ್ರಾಮ್ ಫೈಲ್ಸ್’ ಮತ್ತು ವಿಂಡೋಸ್ ಫೋಲ್ಡರಿನಲ್ಲಿರುವುದನ್ನಷ್ಟೇ ಚಲಾಯಿಸಬಹುದು. ಅಂಥ ಕಡೆ ಪೋರ್ಟಬಲ್ ತಂತ್ರಾಂಶ ತೆರೆಯುವುದಿಲ್ಲ. ಅದನ್ನು ದಾಟಲು ಅಡ್ಡದಾರಿ ಹುಡುಕುವುದಕ್ಕಿಂತ, ಬೇಕಾದ ತಂತ್ರಾಂಶವನ್ನು ಎಲ್ಲರಿಗೂ ಹಾಕಿಕೊಡಿ ಎಂದು ಗ್ರಂಥಪಾಲಕರನ್ನು ಕೇಳುವುದು ಸರಿಯಾದ ದಾರಿ.

ಕನ್ನಡ ಒಯ್ಯುವುದಾದರೆ

ಹೊರನಾಡಿನ ಕ್ಯಾಂಪಸ್ಸಿನಲ್ಲಿರುವ ಕನ್ನಡಿಗರಿಗೆ, ಬೇಕಾದದ್ದನ್ನೆಲ್ಲ ಜೊತೆಗೇ ಒಯ್ಯುವ ಈ ತತ್ವ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಯೂನಿಕೋಡ್ ಕನ್ನಡವನ್ನು ಇಂದಿನ ವಿಂಡೋಸ್ ತಾನೇ ತೋರಿಸುತ್ತದೆ. ಆದರೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಫೈಲು, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಅಪ್‌ಡೇಟ್‌ನಿಂದಾಗಿ ಅಡ್ಮಿನ್ ಅಲ್ಲದವರೂ ತಮ್ಮ ಮಟ್ಟಿಗೆ ಫಾಂಟ್ ಹಾಕಿಕೊಳ್ಳಬಹುದು. ಓದಲಿಕ್ಕಷ್ಟೇ ಬೇಕಿದ್ದರೆ ಮನೆಯಲ್ಲೇ ಫಾಂಟ್ ಸಮೇತ ಪಿಡಿಎಫ್ ಮಾಡಿಕೊಳ್ಳುವುದು ವಾಸಿ.

ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇರುವುದರ ಅಪಾಯವೆಂದರೆ ಪೆನ್‌ಡ್ರೈವ್ ಕಳೆದರೆ ಸಿಕ್ಕವರಿಗೆ ಎಲ್ಲವೂ ಸಿಗುತ್ತದೆ. ಇದಕ್ಕೆ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಫೈಲುಗಳನ್ನು ಗೂಢಲಿಪಿಗೆ ತಿರುಗಿಸುವ ವೆರಾಕ್ರಿಪ್ಟ್ ಬಳಸೋಣವೆಂದರೆ ಅದಕ್ಕೆ ಕಂಪ್ಯೂಟರಿನ ಒಳಪದರದಲ್ಲಿ ಡ್ರೈವರ್ ಕೂರಿಸಬೇಕು. ಪೋರ್ಟಬಲ್ ರೂಪದಲ್ಲೂ ಅಡ್ಮಿನ್ ಹಕ್ಕು ಬೇಕೇ ಬೇಕು. ಲೈಬ್ರರಿಯಲ್ಲಿ ನಡೆಯುವುದು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಮಾಡಿದ ಕಡತ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸದಿರುವುದು ಅದಕ್ಕಿಂತ ಸರಳ. ಇನ್ನು ಬ್ಯಾಕಪ್‌ಗೆ ವಿಶೇಷ ಸಾಧನವೇನೂ ಬೇಡ. ತಂತ್ರಾಂಶವೂ ಅದರ ನೆನಪೂ ಒಟ್ಟಿಗೇ ಇರುವುದರಿಂದ ಫೋಲ್ಡರನ್ನು ಮನೆಯ ಕಂಪ್ಯೂಟರಿಗೆ ಕಾಪಿ ಮಾಡಿದರೆ ಕೆಲಸ ಮುಗಿಯಿತು.