ಮರುವಿವಾಹಕ್ಕೆ ಮೊದಲು ಮಕ್ಕಳ ಪಾಲು

ತೀರಿಹೋದ ಪತಿಯ ಆಸ್ತಿಯೆಂದರೆ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮನೆ, ಜಮಖಂಡಿ, ಮುಧೋಳಗಳಲ್ಲಿ ಕಬ್ಬಿನ ಹೊಲ, ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋದ ಭೂಮಿಯ ಪರಿಹಾರದ ಹಣ. ಸಹೋದರಿಯರೇ, ಎರಡನೇ ನಿಕಾಹ್‌ಗೆ ಒಪ್ಪುವಾಗ ತಾಯಿಯನ್ನು ಕಾಡುವ ಪ್ರಶ್ನೆ ಒಂದೇ: ಮಕ್ಕಳ ಪಾಲಿನ ಗತಿಯೇನು?

ತಂದೆ ಕಣ್ಮುಚ್ಚಿದ ಕ್ಷಣದಲ್ಲೇ ಆ ಪಾಲು ಮಕ್ಕಳದ್ದಾಗಿದೆ. ನಿಮ್ಮ ಎಂಟನೇ ಒಂದು ಭಾಗವೂ ಮರುವಿವಾಹದಿಂದ ಹೋಗದು. ನಿಕಾಹ್‌ಗೆ ಮೊದಲೇ ಉತಾರದಲ್ಲಿ ಮಕ್ಕಳ ಹೆಸರು ಏರಿಸಿರಿ. ಚಿಕ್ಕ ಮಕ್ಕಳ ಪಾಲನ್ನು ತಾಯಿಯೂ ತಾನಾಗಿ ಮಾರುವಂತಿಲ್ಲ. 1918ರಲ್ಲೇ ಪ್ರಿವಿ ಕೌನ್ಸಿಲ್ ಹಾಗೆಂದು ತೀರ್ಪಿತ್ತಿದೆ.

ಇನ್ನು ನಿಮ್ಮ ಸ್ವಂತದ್ದು. ಮಕ್ಕಳಿಗೆ ವಸಿಯ್ಯತ್ ಬರೆದಿಟ್ಟರಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಮಕ್ಕಳು ವಾರಸುದಾರರು. ಹನಫಿ ಶಾಸ್ತ್ರದಂತೆ ಅಂತಹ ವಸಿಯ್ಯತ್‌ಗೆ ನಿಮ್ಮ ನಂತರ ಉಳಿದ ವಾರಸುದಾರರ, ಅಂದರೆ ನಾಲ್ಕನೇ ಒಂದು ಭಾಗವಿರುವ ಹೊಸ ಪತಿಯ ಒಪ್ಪಿಗೆಯೂ ಬೇಕು. ಬಳೆಯೋ ಮನೆಯೋ ಮಕ್ಕಳಿಗೇ ಸೇರಬೇಕಿದ್ದರೆ ಬದುಕಿರುವಾಗಲೇ ಹಿಬಾ ಮಾಡಿ, ಸ್ವಾಧೀನವನ್ನೂ ಬಿಟ್ಟುಕೊಡಿ. ಮಕ್ಕಳು ಚಿಕ್ಕವರಾದರೆ ಅವರ ಆಸ್ತಿಯ ಪೋಷಕರ ಕೈಗೆ ಕೊಡಬೇಕು.

ವಸಿಯ್ಯತ್ ನಿಜಕ್ಕೂ ಬೇಕಾದದ್ದು ಹೊಸ ಪತಿಯಿಂದ. ಮಲಮಕ್ಕಳು ಅವರ ವಾರಸುದಾರರಲ್ಲ. ಮೂರನೇ ಒಂದು ಭಾಗದವರೆಗೆ ಅವರು ಬರೆದುಕೊಟ್ಟರೆ ಯಾರ ಒಪ್ಪಿಗೆಯೂ ಬೇಡ. ಕೇಳಲು ಸಂಕೋಚವೇಕೆ? ಬಾಯಿಮಾತೂ ಸಲ್ಲುತ್ತದೆ, ನಿಜ. ಆದರೂ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿರಿ.